ತಲೆಗೆ ತಂತಿ, ಕೈಗೆ ಕಬ್ಬಿಣ

ತಲೆಗೆ ಎಣ್ಣೆ ಹಾಕದೆ ಮನೆಯಿಂದ ಹೊರಗೆ ಕಾಲಿಡುವ ಹೆಂಗಸನ್ನು ನಮ್ಮ ಅತ್ತೆ ಹೆಂಗಸೆಂದೇ ಒಪ್ಪುವುದಿಲ್ಲ. ಅದರಲ್ಲೂ ಆಸ್ಪತ್ರೆಗೆ ಹೋಗುವುದಾದರೆ ಇನ್ನೂ ಚೆನ್ನಾಗಿ ಹಾಕಬೇಕು. ಇವರ ಮನೆಯಲ್ಲಿ ಎಣ್ಣೆಗೂ ಗತಿಯಿಲ್ಲ ಎಂದು ಡಾಕ್ಟರು ಅಂದುಕೊಳ್ಳಬಾರದಲ್ಲ! ಹಾಗಾಗಿ ನನ್ನ ಮೆದುಳಿನ ಪರೀಕ್ಷೆಗೆ ಹೊರಟ ಬೆಳಿಗ್ಗೆ ಅತ್ತೆ ನನ್ನನ್ನು ಜಗಲಿಯಲ್ಲಿ ಕೂರಿಸಿ, ಗಾಣದ ತೆಂಗಿನೆಣ್ಣೆಯನ್ನು ನೆತ್ತಿಗೆ ಸುರಿದು, ಅದು ಕಿವಿಯ ಮೇಲೆ ಇಳಿಯುವ ತನಕ ತಟ್ಟಿ, ಜಡೆ ಹೆಣೆದು, ಅಬ್ಬಲಿಗೆ ಹೂ ಮುಡಿಸಿ, ತಾವೂ ಜೊತೆಗೆ ಹೊರಟರು.

ಆಸ್ಪತ್ರೆಯಲ್ಲಿ ತಲೆಗೆ ತಂತಿ ಅಂಟಿಸುವ ಹುಡುಗಿ ನನ್ನ ಕೂದಲು ಮುಟ್ಟಿದವಳೇ ಕೈಯನ್ನು ತನ್ನ ಬಿಳಿ ಕೋಟಿಗೆ ಒರೆಸಿಕೊಂಡಳು.

"ಎಂತ ಅಕ್ಕ ಇದ್? ಎಣ್ಣಿ ಹಾಕ್ಬೇಡಿ ಅಂದೇಳಿ ಹೇಳಿತ್ತ್ ಅಲ್ದಾ? ತಂತಿ ಎಲ್ ನಿಲ್ಲತ್ತ್, ಜಾರಿ ಬೀಳತ್ತ್!"

"ನಮ್ಮ ಅತ್ತೆ..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ನಕ್ಕುಬಿಟ್ಟಳು. ಎಲ್ಲರ ಅತ್ತೆಯರೂ ಹಾಗೇ ಅಂತೆ. ನನ್ನ ಗಂಡ ಗೋಪಾಲ ಎದುರಿನ ಅಂಗಡಿಯಿಂದ ಶಾಂಪೂ ಪ್ಯಾಕೆಟ್ ತಂದ. ನಾನು ಆಸ್ಪತ್ರೆಯ ನಲ್ಲಿಯ ಕೆಳಗೆ ತಲೆ ಬಗ್ಗಿಸಿ ತೊಳೆದದ್ದೇ ತೊಳೆದದ್ದು. ಆ ಹುಡುಗಿ ತನ್ನ ಬ್ಯಾಗಿನಿಂದ ಬಾಚಣಿಗೆ ಕೊಟ್ಟಳು, ತನ್ನದೇ ಟವೆಲ್ ಕೊಟ್ಟಳು. ಹೊರಗೆ ಬೆಂಚಿನ ಮೇಲೆ ಅತ್ತೆಯ ಗೊಣಗಾಟ ಕೇಳುತ್ತಿತ್ತು: "ಎಣ್ಣಿ ಕಂಡ್ರೆ ಆಗ್ದಿದ್ದ್ ಮಿಷನ್ ಎಂತ ಮಿಷನ್!"

ನಾನು ತೆಕ್ಕಟ್ಟೆಯವಳು. ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇದೆ. ಗೋಪಾಲ ಕುಂದಾಪುರ–ಬೈಂದೂರು ಬಸ್ಸಿನ ಡ್ರೈವರ್. ಆದರೆ ನನ್ನನ್ನು ಯಾರು ಕೇಳಿದರೂ ನಾನು ಮೊದಲು ಹೇಳುವುದು ಚೆಂಡೆ ಬಾರಿಸುತ್ತೇನೆ ಎಂದೇ. ಸಾಲಿಗ್ರಾಮದಲ್ಲಿ ನಮ್ಮ ಹೆಂಗಸರ ಯಕ್ಷಗಾನ ಸಂಘವಿದೆ. ಹೆಂಗಸರು ವೇಷ ಹಾಕುವುದನ್ನು ಜನ ಹೇಗೋ ಒಪ್ಪಿಕೊಂಡಿದ್ದರು. ಚೆಂಡೆಗೆ ಕೂತಾಗ ಮಾತ್ರ "ಇವ್ಳ್ ಕೈಯಲ್ ಎಂತ ಆತ್ತ್" ಎಂದವರಿದ್ದರು. ನಾನು ಬಾಯಲ್ಲಿ ಉತ್ತರ ಕೊಡಲಿಲ್ಲ. ಮೊದಲ ಪೆಟ್ಟಿಗೇ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರು ಎದ್ದು ಕೂತರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆ ಸಿಟ್ಟಿಗೆಲ್ಲ ಚೆಂಡೆಯಲ್ಲಿ ಜಾಗ ಇತ್ತು.

ಖಾಯಿಲೆ ಬಂದದ್ದು ದೋಸೆ ಹೊಯ್ಯುವಾಗ. ಕಾವಲಿಗೆ ಹಿಟ್ಟು ಹಾಕಿದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ಅಡಿಗೆಮನೆಯ ನೆಲದ ಮೇಲಿದ್ದೆ. ಮುಂಗೈ ಸುಟ್ಟಿತ್ತು, ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ಉಪ್ಪುಪ್ಪು. ಬಲಗೈಯ ಮುಷ್ಟಿಯಲ್ಲಿ ಏನೋ ಒತ್ತುತ್ತಿತ್ತು. ಬಿಡಿಸಿ ನೋಡಿದರೆ ಅತ್ತೆಯ ಕೀಲಿಕೈ ಗೊಂಚಲು.

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ವಿದ್ಯೆ. ಯಾರಾದರೂ ಹಾಗೆ ಬಿದ್ದು ನಡುಗಿದರೆ ಕೈಗೆ ಕಬ್ಬಿಣ ಕೊಡಬೇಕು. ಅತ್ತೆ ಸದಾ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಗೊಂಚಲಿನಲ್ಲಿ ಕಪಾಟಿನದು, ಉಗ್ರಾಣದ್ದು, ಗೇಟಿನದು, ಬೀಗ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲದ ಒಂದಿಷ್ಟು, ಎಲ್ಲ ಇವೆ. ಅದನ್ನೇ ಕೊಟ್ಟಿದ್ದರು.

"ಕಬ್ಬಿಣ ಕೊಟ್ಟದ್ದೇ ನಿಂತ್ತ್ ಕಾಣ್," ಎಂದರು ಅತ್ತೆ. ಗೊಂಚಲಿನ ಮೇಲೆ ನನ್ನ ಬೆರಳುಗಳನ್ನು ಮತ್ತೆ ಮಡಚಿ ತಮ್ಮ ಎರಡೂ ಕೈಯಿಂದ ಒತ್ತಿ ಹಿಡಿದರು.

ಇನ್ನೊಮ್ಮೆ ಬಿದ್ದ ಮೇಲೆ ದೊಡ್ಡಾಸ್ಪತ್ರೆ. ಅಲ್ಲಿನ ಬೆಂಚಿನ ಬಗ್ಗೆ ನಾನು ಹೇಳಲೇಬೇಕು. ನರರೋಗದ ಡಾಕ್ಟರ ಬಾಗಿಲ ಮುಂದೆ ಕೂತವರಲ್ಲಿ ಒಬ್ಬರಿಗೂ ಫಿಟ್ಸ್ ಇರಲಿಲ್ಲ! ಬೈಂದೂರು ಕಡೆಯ ಒಬ್ಬರು ಗದ್ದದ ಮೇಲೆ ಹೊಲಿಗೆ ಬಿದ್ದ ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು, ಬಿ.ಪಿ. ಅಂತೆ. ಇನ್ನೊಬ್ಬರಿಗೆ ಗ್ಯಾಸ್. ಮತ್ತೊಬ್ಬ ಗಟ್ಟಿಮುಟ್ಟಾದ ಗಂಡಸಿಗೆ ಸುಮ್ಮನೆ ತಲೆನೋವು. ಅತ್ತೆಯೂ ಹಿಂದೆ ಬೀಳಲಿಲ್ಲ, "ನಮ್ಮ ಸೊಸಿಗೆ ಬರೀ ತಲೆ ತಿರ್ಗುದ್, ಮತ್ತೆಂತ ಇಲ್ಲ," ಎಂದರು. ಔಷಧಿ ಕಿಟಕಿಯಲ್ಲಿ ಮಾತ್ರ ಎಲ್ಲರಿಗೂ ಒಂದೇ ಬಣ್ಣದ ಮಾತ್ರೆ. ಒಬ್ಬರ ಲಕೋಟೆ ಒಬ್ಬರು ನೋಡಿ, ನಮ್ಮ ನಮ್ಮದನ್ನು ಚೀಲಕ್ಕೆ ತುರುಕಿಕೊಂಡೆವು.

ಡಾಕ್ಟರು ಒಳ್ಳೆಯವರು. ಕಾಗದದ ಮೇಲಿನ ಗೆರೆಗಳನ್ನು ತೋರಿಸಿ, ಒಂದು ಕಡೆ ಅವು ಮುಳ್ಳಿನ ಹಾಗೆ ಎದ್ದು ನಿಂತದ್ದನ್ನು ಬೆರಳಿನಿಂದ ಮುಟ್ಟಿ, ಖಾಯಿಲೆಯ ಹೆಸರು ಹೇಳಿದರು. ಮಾತ್ರೆ ಬಿಡಬಾರದು. ಒಬ್ಬಳೇ ಕೆರೆಗೆ ಇಳಿಯಬಾರದು, ಸ್ಕೂಟಿ ಸದ್ಯಕ್ಕೆ ಬೇಡ, ಬೆಂಕಿಯ ಹತ್ತಿರ ಜಾಗ್ರತೆ. ಎಲ್ಲಕ್ಕಿಂತ ಮುಖ್ಯವಾಗಿ ನಿದ್ದೆ ಕೆಡಬಾರದು.

"ಚೆಂಡೆ ಬಾರಿಸಬಹುದಾ ಡಾಕ್ಟ್ರೇ?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೀವಾ? ಚೆಂಡೆಯಾ? ಬಾರಿಸಿ, ಧಾರಾಳವಾಗಿ ಬಾರಿಸಿ. ಬೆಳಗಿನ ತನಕ ಮಾತ್ರ ಬಾರಿಸಬೇಡಿ."

ಡಾಕ್ಟರು ಬಿಟ್ಟರೂ ಅತ್ತೆ ಬಿಡಲಿಲ್ಲ. ಮನೆಗೆ ಬಂದವರೇ ಚೆಂಡೆಯನ್ನು ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿಬಿಟ್ಟರು.

"ರಂಗಸ್ಥಳದಲ್ ಬಿದ್ರೆ? ಊರೆಲ್ಲ ಕಾಂತ್ ಅಲ್ದಾ? ಇದ್ ಹೊರಗ್ ಹೋಪುಕಾಗ ಶೈಲ. ಯಾರಾದ್ರೂ ಕೇಂಡ್ರೆ ಕೈನೋವು ಅಂದೇಳಿ ಹೇಳ್."

"ನಾನೆಂತ ಕಳ್ಳತನ ಮಾಡಿದ್ದಾ ಅತ್ತೆ?"

"ಕದ್ದದ್ದಾದ್ರೆ ಜನ ಮರೀತ್ರ್. ಇದ್ ಮರೀತ್ರಿಲ್ಲೆ."

ಅಂದು ಮನೆಯಲ್ಲಿ ದೊಡ್ಡ ರಂಪವಾಯಿತು. ನಾನು ಹಾರಾಡಿದೆ, ಅತ್ತೆ ಊಟ ಬಿಟ್ಟರು, ಗೋಪಾಲ ನಡುವೆ ನಿಂತು ಎರಡೂ ಕಡೆಯಿಂದ ಬೈಸಿಕೊಂಡ. ಕೊನೆಗೆ ಗೆದ್ದದ್ದು ಅತ್ತೆ. ಸಂಘಕ್ಕೆ ಕೈನೋವು ಎಂಬ ಸುದ್ದಿ ಹೋಯಿತು. ಭಾನುವಾರಗಳಂದು ನಾನು ಅಂಗಡಿಯ ಮೇಜಿನ ಮೇಲೆ ಎರಡು ಬೆರಳಿನಿಂದ ತಾಳ ಕುಟ್ಟುತ್ತಾ ಕೂರುತ್ತಿದ್ದೆ. ಅಳು ಬರುತ್ತಿತ್ತು, ಅತ್ತಿದ್ದೇನೆ ಕೂಡಾ. ಖಾಯಿಲೆಗೆ ಅತ್ತದ್ದಲ್ಲ, ಆ ಸುಳ್ಳಿಗೆ. ನನಗೆ ಚೆಂಡೆ ಬೇಕಿತ್ತು, ಸುಳ್ಳು ಹೇಳದೆಯೇ ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಹೆದರಿಕೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಕೈಯಿಂದ ಕತ್ತರಿ ಜಾರಿದರೂ ಬಂತಾ ಎಂದು ನೆಲಕ್ಕೆ ಕೂತುಬಿಡುತ್ತಿದ್ದೆ. ಮಾತ್ರೆಯ ಮಂಪರಿಗೆ ಮೊದಮೊದಲು ಗಿರಾಕಿಗಳ ಅಳತೆಯೆಲ್ಲ ತಪ್ಪಿತು. ಬಚ್ಚಲಿನ ಚಿಲಕ ಹಾಕಬಾರದು ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ನಾನು ಸ್ನಾನಕ್ಕೆ ಹೋದಾಗಲೆಲ್ಲ ಅತ್ತೆ ಹೊರಗೆ ಮಣೆ ಹಾಕಿ ಕೂರತೊಡಗಿದರು. ಕೂತು ಏನಾದರೊಂದು ಮಾತು: ಮೀನಿನವಳು ಇವತ್ತು ಬರಲಿಲ್ಲ, ಆಚೆಮನೆಯ ದನ ತೊಂಡೆ ಚಪ್ಪರ ತಿಂದಿತು, ನಿನ್ನ ಸಾರಿಗೆ ಹುಳಿ ಜಾಸ್ತಿ. ನಾನು ಹೂಂಗುಡಬೇಕು. ಒಂದು ಹೂಂ ತಡವಾದರೆ ಹೊರಗೆ ಕೀಲಿಕೈ ಗೊಂಚಲಿನ ಸದ್ದಾಗುತ್ತಿತ್ತು. "ಇದ್ದೆ ಅತ್ತೆ, ಸತ್ತಿಲ್ಲ!" ಎಂದು ನಾನು ಒಳಗಿನಿಂದ ಕಿರುಚುತ್ತಿದ್ದೆ. ನನ್ನ ಪ್ರಾಣ ತಿನ್ನುತ್ತಾರೆ ಎಂದು ಗೋಪಾಲನ ಹತ್ತಿರ ದೂರಿದ್ದೂ ಉಂಟು. ಆದರೆ ಕದ ದೂಡಿ ಒಳಗೆ ಬರುವ ಒಬ್ಬರು ಅಲ್ಲಿದ್ದಾರೆ ಎಂಬ ಧೈರ್ಯದಲ್ಲೇ ನಾನು ನೀರು ಹೊಯ್ದುಕೊಳ್ಳುತ್ತಿದ್ದೆ.

ಮಾತ್ರೆ ಹಿಡಿಯಿತು, ಬೀಳುವುದು ನಿಂತಿತು. ಆಗ ವಿದ್ಯಾ ಬಂದಳು.

ವಿದ್ಯಾ ನಮ್ಮ ಸಂಘದ ಭಾಗವತಿಕೆಯವಳು, ಅಂದರೆ ಪದ ಹಾಡುವವಳು. ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಾಳೆ. "ಕೈನೋವು ಹ್ಯಾಂಗಿತ್ತ್ ಶೈಲಕ್ಕ?" ಎಂದು ಕೇಳಿಕೊಂಡೇ ಒಳಗೆ ಬಂದಳು. ಅತ್ತೆ ಚಾ ಮಾಡಲು ಒಳಗೆ ಹೋದದ್ದೇ ತಡ, ನಾನು ಎಲ್ಲ ಹೇಳಿಬಿಟ್ಟೆ. ಅವಳು ಅಯ್ಯೋ ಪಾಪ ಎನ್ನಲಿಲ್ಲ. ಸ್ವಲ್ಪ ಹೊತ್ತು ನನ್ನ ತಲೆಯನ್ನೇ ನೋಡಿದಳು.

ಅವಳ ಕಾಲೇಜಿನಲ್ಲಿ ಒಂದು ಟೊಪ್ಪಿ ಮಾಡಿದ್ದರಂತೆ. ಹಾಕಿಕೊಂಡರೆ ತಲೆಯೊಳಗಿನ ಅಲೆಗಳನ್ನು ಓದಿ ಕಂಪ್ಯೂಟರಿಗೆ ಕೊಡುತ್ತದೆ. ಕಂಪ್ಯೂಟರ್ ಅದನ್ನು ಬಣ್ಣವನ್ನಾಗಿ, ನಾದವನ್ನಾಗಿ ಮಾಡುತ್ತದೆ. ಅದನ್ನಿಟ್ಟುಕೊಂಡು ಒಂದು ಪ್ರದರ್ಶನ ಮಾಡುವ ಆಸೆ ಅವಳಿಗೆ. ಹಾಡು, ಚೆಂಡೆ, ಹಿಂದೆ ಬಿಳಿ ಪರದೆಯ ಮೇಲೆ ಒಬ್ಬರ ತಲೆಯ ಅಲೆ. ಮೊದಲೇ ಗೊತ್ತುಮಾಡಿಕೊಂಡದ್ದು ಏನೂ ಇರಬಾರದು. ತಾಳಮದ್ದಳೆಯಲ್ಲಿ ಅರ್ಥ ಹೇಳುವವರು ಎದುರಿನವರ ಮಾತು ಕೇಳಿ ಅಲ್ಲೇ ಮಾತು ಹುಟ್ಟಿಸುತ್ತಾರಲ್ಲ, ಹಾಗೆ.

"ನನ್ ತಲಿ ಅಕ್ಕಾ?" ಎಂದೆ, ನನ್ನ ತಲೆ ಆದೀತಾ ಎಂದು.

"ಡಾಕ್ಟ್ರ್ ಅಕ್ಕ್ ಅಂದ್ರೆ ಅಕ್ಕ್," ಎಂದಳು.

ಅವಳನ್ನೂ ಕರೆದುಕೊಂಡು ಹೋದೆ. ಡಾಕ್ಟರು ನನ್ನ ಹಳೆಯ ಗೆರೆಗಳನ್ನು ಮತ್ತೆ ತೆಗೆದು ನೋಡಿದರು. ಪರೀಕ್ಷೆಯ ದಿನ ಕಣ್ಣಿಗೆ ಮಿಣುಕು ದೀಪ ಹಿಡಿದಾಗ ನನ್ನ ಮೆದುಳು ತನ್ನ ಪಾಡಿಗೆ ತಾನಿತ್ತಂತೆ. ಬೆಳಕಿಗೆ ಕೆರಳುವ ಜಾತಿಯದ್ದಲ್ಲ ಎಂದರು. ಆದರೂ ಮಿಣುಕುವುದು ಬೇಡ, ಬಣ್ಣ ನಿಧಾನ ಬದಲಾಗಲಿ, ಹಗಲು ಹೊತ್ತು, ಹಿಂದಿನ ರಾತ್ರಿ ಪೂರ್ತಿ ನಿದ್ದೆ, ಮಾತ್ರೆ ತಪ್ಪಬಾರದು. "ಮತ್ತೆ ನನಗೊಂದು ಕರೆಯೋಲೆ ಕಳಿಸಿ," ಎಂದರು.

ಅತ್ತೆಯನ್ನು ಒಪ್ಪಿಸಿದ್ದು ಗೋಪಾಲ. ಹಗಲಿನ ಕಾರ್ಯಕ್ರಮ, ಕೂತು ಮಾಡುವುದು, ಕಾಲೇಜಿನವರ ಮರ್ಯಾದೆಯ ಕೆಲಸ ಎಂದೆಲ್ಲ ಹೇಳಿ ತಾನೇ ಅಟ್ಟ ಹತ್ತಿ ಚೆಂಡೆ ಇಳಿಸಿದ. ಅತ್ತೆ ಒಂದೇ ಕರಾರು ಹಾಕಿದರು, ಖಾಯಿಲೆಯ ಹೆಸರು ಯಾರೂ ಎತ್ತಬಾರದು.

"ಸಭೆಯಲ್ ಆ ಶಬ್ದ ಬಪ್ಪುಕಾಗ. ನಿನ್ ಬಾಯಿಂದ್ಲೂ ಬಪ್ಪುಕಾಗ, ವಿದ್ಯಾನ್ ಬಾಯಿಂದ್ಲೂ ಬಪ್ಪುಕಾಗ."

ಚೆಂಡೆ ಕೈಗೆ ಸಿಗುತ್ತದಲ್ಲ ಎಂದು ಹಲ್ಲು ಕಚ್ಚಿಕೊಂಡು ಒಪ್ಪಿದೆ. ಗಂಟಲಲ್ಲಿ ಮೀನುಮುಳ್ಳು ಸಿಕ್ಕಿಕೊಂಡ ಹಾಗೆ ಆ ಮಾತು ಅಲ್ಲೇ ಉಳಿಯಿತು.

ಅಭ್ಯಾಸ ಸಾಲಿಗ್ರಾಮದಲ್ಲಿ, ಸಂಘದ ಕೋಣೆಯಲ್ಲಿ. ಟೊಪ್ಪಿ ಹಾಕಿ, ಕಣ್ಣು ಮುಚ್ಚಿ ಸುಮ್ಮನೆ ಕೂತರೆ ತಲೆಯ ಹಿಂಬದಿಯಿಂದ ಒಂದು ನಿಧಾನದ ಅಲೆ ಏಳುತ್ತದೆ. ಪರದೆ ನೀಲಿಯಾಗುತ್ತದೆ, ಶ್ರುತಿಪೆಟ್ಟಿಗೆಯಂಥ ನಾದ ಬರುತ್ತದೆ. ಕಣ್ಣು ಬಿಟ್ಟರೆ ಅದು ಚದುರಿ ಹಳದಿ. ಹಲ್ಲು ಕಚ್ಚಿದರೆ, ಹುಬ್ಬು ಗಂಟಿಕ್ಕಿದರೆ ಪರದೆ ತುಂಬ ಕೆಂಪು, ಕಿವಿ ಕಿತ್ತುಹೋಗುವ ಗದ್ದಲ. ಅದು ಮೆದುಳಲ್ಲ, ಮುಖದ ಮಾಂಸಖಂಡ ಎಂದಳು ವಿದ್ಯಾ. ನನಗಂತೂ ಆ ಕೆಂಪು ನೋಡಿ ನಗು ಬಂತು, ನನ್ನ ಸಿಟ್ಟನ್ನು ನಾನೇ ಕಂಡದ್ದು ಅದೇ ಮೊದಲು. ನಕ್ಕರೆ ಇನ್ನೂ ಕೆಂಪು!

ಆ ನೀಲಿ ಮಾತ್ರ ಸುಲಭಕ್ಕೆ ಒಲಿಯಲಿಲ್ಲ. ಬಾ ಬಾ ಎಂದರೆ ಬರುವುದಿಲ್ಲ, ಬೆಕ್ಕಿನ ಹಾಗೆ. ನಮ್ಮ ಪಾಡಿಗೆ ನಾವಿದ್ದರೆ ತಾನಾಗಿ ಬಂದು ಕಾಲಿಗೆ ಮೈ ಉಜ್ಜುತ್ತದೆ. ಕೈಕಾಲು ಸುಮ್ಮನಿಡುವುದೇ ಗೊತ್ತಿಲ್ಲದ ನಾನು ಸುಮ್ಮನಿರುವುದನ್ನು ಕಲಿತೆ. ಒಂದು ಭಾನುವಾರ ನೀಲಿ ಪರದೆ ಪೂರ್ತಿ ತುಂಬಿತು. ವಿದ್ಯಾ ಆ ನಾದವನ್ನೇ ಶ್ರುತಿಯಾಗಿ ಹಿಡಿದು ಹಾಡಲು ಶುರುಮಾಡಿದಳು. ನನಗೆ ಕಣ್ಣೀರು ಬಂತು. ಆಸ್ಪತ್ರೆಯ ಕಾಗದದಲ್ಲಿ ದೋಷವೆಂದು ಗುರುತು ಹಾಕಿಸಿಕೊಂಡ ತಲೆ ಇದು. ಇದೇ ತಲೆಯ ನಾದಕ್ಕೆ ಒಬ್ಬಳು ಭಾಗವತಿ ತನ್ನ ಸ್ವರ ಸೇರಿಸಿ ಹಾಡುತ್ತಿದ್ದಾಳೆ! ಹೆಮ್ಮೆಯಿಂದ ಎದೆ ಉಬ್ಬಿತು. ಅದನ್ನು ಮುಚ್ಚಿಡುವ ಬುದ್ಧಿ ನನಗಿಲ್ಲ.

ಇನ್ನೊಂದನ್ನೂ ಕಂಡುಕೊಂಡೆ. ಚೆಂಡೆಯಲ್ಲಿ ಉರುಳಿಕೆ ಎಂದು ಒಂದಿದೆ, ಎರಡೂ ಕೋಲು ಸಣ್ಣಗೆ ನಡುಗಿದ ಹಾಗೆ ಬಿಡದೆ ಬೀಳುತ್ತವೆ. ಮಣಿಕಟ್ಟು ಬಿಟ್ಟು ಬೇರೇನೂ ಅಲುಗದ ಹಾಗೆ ಕಣ್ಣು ಮುಚ್ಚಿ ಅದನ್ನು ನುಡಿಸಿದರೆ ನೀಲಿ ಚದುರುವುದಿಲ್ಲ. ಉರುಳಿಕೆ ಕೆಳಗೆ, ನಾದ ಮೇಲೆ. ಇದು ನನ್ನದೇ ಶೋಧ.

ಪ್ರದರ್ಶನ ಬ್ರಹ್ಮಾವರದ ಸಭಾಭವನದಲ್ಲಿ, ಭಾನುವಾರ ಮಧ್ಯಾಹ್ನ. ಬೆಳಿಗ್ಗೆ ಅತ್ತೆ ತಾವೇ ನನ್ನ ತಲೆಗೆ ಸೀಗೆಪುಡಿ ಹಾಕಿ, ತೊಳೆದು, ಮೂಸಿ ನೋಡಿ, ಮತ್ತೆ ತೊಳೆದರು. "ಒಂದ್ ಹನಿ ಎಣ್ಣಿ ಇಲ್ಲ ಕಾಣ್. ಈ ಸಲ ಯಾರ್ ಎಂತ ಹೇಳ್ತ್ರ್ ಕಾಂಬ." ಪಟ್ಟೆಸೀರೆ ಉಟ್ಟು, ಸೊಂಟಕ್ಕೆ ಗೊಂಚಲು ಸಿಕ್ಕಿಸಿಕೊಂಡು ಎದುರಿನ ಸಾಲಿನಲ್ಲೇ ಕೂತರು. ಅಭ್ಯಾಸಕ್ಕೆ ಅವರು ಒಂದು ದಿನವೂ ಬಂದವರಲ್ಲ. ಅಕ್ಕಪಕ್ಕದಲ್ಲಿ ತೆಕ್ಕಟ್ಟೆಯ ನಮ್ಮ ನೆರೆಹೊರೆಯವರು, ಸಂಘದ ಹೆಂಗಸರು. ಡಾಕ್ಟರೂ ಬಂದು ಒಂದು ಮೂಲೆಯಲ್ಲಿ ಕೂತಿದ್ದರು. ಗೋಪಾಲ ಬಾಗಿಲ ಬಳಿ ನಿಂತಿದ್ದ.

ಕಿಟಕಿಯ ಪರದೆ ಎಳೆದರು, ಕತ್ತಲಾಯಿತು. ವಿದ್ಯಾ ಸ್ವರ ಎತ್ತಿದಳು. ನಾನು ಕಣ್ಣು ಬಿಟ್ಟು ಮೊದಲ ಪೆಟ್ಟು ಹಾಕಿದೆ. ಎಷ್ಟು ದಿನದಿಂದ ಕಟ್ಟಿಟ್ಟ ಪೆಟ್ಟದು! ಹಳದಿ, ಕೆಂಪು, ಮತ್ತೆ ಹಳದಿ. ಅವಳು ಕೇಳಿದಳು, ನಾನು ಉತ್ತರ ಕೊಟ್ಟೆ. ನನ್ನ ಬೆನ್ನ ಹಿಂದೆ ನನ್ನದೇ ತಲೆ ಮೂರನೆಯವಳ ಹಾಗೆ ನಡುವೆ ಬಾಯಿ ಹಾಕುತ್ತಿತ್ತು. ಆಮೇಲೆ ವಿದ್ಯಾ ಸ್ವರ ತಗ್ಗಿಸಿದಳು. ನಾನು ಕಣ್ಣು ಮುಚ್ಚಿದೆ. ನಾದ ಎದ್ದಿತು, ತುಂಬಿತು. ಕೋಲುಗಳನ್ನು ಸಣ್ಣಗೆ ಉರುಳಿಸತೊಡಗಿದೆ. ಇದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಬಾರಿಸಿಲ್ಲ ಎಂದು ಮನಸ್ಸಿಗೆ ಗೊತ್ತಾಗುತ್ತಿತ್ತು.

ಅತ್ತೆಗೆ ಕಂಡದ್ದು ಬೇರೆ. ಸೊಸೆಯ ಕಣ್ಣು ಮುಚ್ಚಿದೆ, ಕೈ ಎರಡೂ ನಡುಗುತ್ತಿವೆ, ತಲೆಗೆ ತಂತಿ, ಹಿಂದೆ ಏನೋ ಉಕ್ಕಿ ಬರುತ್ತಿದೆ.

"ಅಯ್ಯಯ್ಯೋ! ಹ್ವಾಯ್, ದಾರಿ ಬಿಡಿ! ನಮ್ ಶೈಲಂಗೆ ಫಿಟ್ಸ್ ಬಂತ್! ಕೈಗ್ ಕಬ್ಬಿಣ, ಕೈಗ್ ಕಬ್ಬಿಣ ಕೊಡಿ!"

ನಾನು ಕಣ್ಣು ಬಿಡುವಷ್ಟರಲ್ಲಿ ಅತ್ತೆ ವೇದಿಕೆಯ ಮೇಲಿದ್ದರು. ನಿಂತದ್ದು ವಿದ್ಯಾಳ ಮೈಕಿನ ಮುಂದೆಯೇ. ಫಿಟ್ಸ್ ಎಂಬ ಶಬ್ದ ಸಭಾಭವನದ ಗೋಡೆಗೋಡೆಗೂ ಬಡಿದು ಬಂತು. ಕೋಲು ಕಿತ್ತು ಬದಿಗಿಟ್ಟು ಗೊಂಚಲನ್ನು ನನ್ನ ಅಂಗೈಗೆ ತುರುಕಿ, ನನ್ನ ಮುಷ್ಟಿಯನ್ನು ತಮ್ಮ ಎರಡೂ ಕೈಯಿಂದ ಹಿಡಿದರು. ಪರದೆ ಧಗಧಗ ಕೆಂಪಾಯಿತು. "ಅಮ್ಮಾ, ಅದ್ ಫಿಟ್ಸ್ ಅಲ್ಲ!" ಎಂದು ಗೋಪಾಲ ಬಾಗಿಲಿನಿಂದ ಓಡಿ ಬರುತ್ತಿದ್ದ.

ಅತ್ತೆ ನನ್ನ ಮುಖ ನೋಡಿದರು. ನಾನು ಅವರನ್ನೇ ನೋಡುತ್ತಿದ್ದೆ. ಆಮೇಲೆ ಅವರಿಗೆ ಸಭೆಯ ನೆನಪಾಯಿತು. ತಿರುಗಿ ಎದುರಿನ ಸಾಲಿನ ನೆರೆಹೊರೆಯವರನ್ನು ನೋಡಿದರು. "ನಾನೆಂತ ಮಾಡ್ದೆ ಮಾರಾಯ್ತಿ," ಎಂದರು ಮೆಲ್ಲಗೆ. ಅದೂ ಮೈಕಿನಲ್ಲಿ ಕೇಳಿತು.

ಯಾರೋ ನಕ್ಕರು. ಬೇರೆ ದಿನವಾದರೆ ನಾನು ಆ ನಕ್ಕವರನ್ನು ಹುಡುಕಿ ಬೈಯುತ್ತಿದ್ದೆ. ಅಂದು ಅತ್ತೆಯ ಕೈ ಬಿಡಲು ಮನಸ್ಸಾಗಲಿಲ್ಲ. ದೋಸೆ ಹೊಯ್ದ ದಿನದ ಹಾಗೆಯೇ ಅವರು ನನ್ನ ಮುಷ್ಟಿಯನ್ನು ಒತ್ತಿ ಹಿಡಿದುಕೊಂಡಿದ್ದರು. ಇನ್ನೊಂದು ಕೈಯಿಂದ ಮೈಕನ್ನು ಹತ್ತಿರ ಎಳೆದುಕೊಂಡೆ.

"ಇವರು ನನ್ನ ಅತ್ತೆ. ಇವರು ಹೇಳಿದ್ದು ಸುಳ್ಳಲ್ಲ. ನನಗೆ ಫಿಟ್ಸ್ ಉಂಟು, ಅಪಸ್ಮಾರ. ಈಗ ಬಂದದ್ದಲ್ಲ, ಈಗ ಚೆಂಡೆ ಬಾರಿಸುತ್ತಿದ್ದೆ. ಹಿಂದೆ ಕಂಡ ಬಣ್ಣ, ನೀವು ಕೇಳಿದ ನಾದ, ಎಲ್ಲ ಈ ತಲೆಯದ್ದೇ. ನನಗೆ ಕೈನೋವು ಯಾವತ್ತೂ ಇರಲಿಲ್ಲ. ಮುಂದೆ ಯಾವಾಗಲಾದರೂ ನಾನು ನಿಮ್ಮೆದುರು ಬಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ನಿಲ್ಲುವ ತನಕ ಜೊತೆಗಿರಿ. ಬೇಗ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ."

"ಕಬ್ಬಿಣ?" ಎಂದರು ಅತ್ತೆ.

"ಕಬ್ಬಿಣ ಬೇಡ ಅತ್ತೆ. ನೀವ್ ಇದ್ರೆ ಸಾಕ್."

ಈ ಸಲ ಎಲ್ಲರೂ ನಕ್ಕರು, ನಾವೂ ನಕ್ಕೆವು. ಮೂಲೆಯಿಂದ ಡಾಕ್ಟರು ಚಪ್ಪಾಳೆ ಹೊಡೆದರು, ಆಮೇಲೆ ಸಭೆಯೇ ಹೊಡೆಯಿತು. ಅತ್ತೆ ಇಳಿದು ಹೋಗಲು ನೋಡಿದರು, ನಾನು ಸೆರಗು ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡೆ. ಗೊಂಚಲನ್ನು ಚೆಂಡೆಯ ಚರ್ಮದ ಮೇಲಿಟ್ಟೆ. ಒಂದು ಪೆಟ್ಟು ಹಾಕಿದರೆ ಕೀಲಿಕೈಗಳೆಲ್ಲ ಝಲ್ ಎಂದು ಕುಣಿದವು. ವಿದ್ಯಾ ಕಣ್ಣರಳಿಸಿ ಆ ಝಲ್ಲಿಗೇ ಒಂದು ಸ್ವರ ಕೊಟ್ಟಳು, ನಾನು ಮತ್ತೆ ಹಾಕಿದೆ. ಗೊತ್ತುಮಾಡಿಕೊಂಡದ್ದು ಏನೂ ಇರಬಾರದು ಎಂದಿದ್ದಳಲ್ಲ, ಅವಳ ಆಸೆ ಪೂರ್ತಿಯಾಯಿತು. ಕೊನೆಗೆ ಕಣ್ಣು ಮುಚ್ಚಿದೆ. ನೀಲಿ ಇಷ್ಟು ಬೇಗ ಅಭ್ಯಾಸದಲ್ಲಿ ಒಂದು ದಿನವೂ ಬಂದಿರಲಿಲ್ಲ.

ಈಗ ನಾನು ಮಾತ್ರೆ ತಿನ್ನುತ್ತೇನೆ, ಹೊತ್ತಿಗೆ ಸರಿಯಾಗಿ ಮಲಗುತ್ತೇನೆ, ಸಂಘದಲ್ಲಿ ಚೆಂಡೆಗೆ ಕೂರುತ್ತೇನೆ. ಊರು ಏನೋ ಮಾತಾಡಿತು, ಆಡಿ ಮುಗಿಸಿತು. ಬ್ಲೌಸಿಗೆ ಬರುವವರು ಬಂದೇ ಬರುತ್ತಾರೆ. ಅತ್ತೆ ಬಚ್ಚಲಿನ ಹೊರಗೆ ಈಗಲೂ ಕೂರುತ್ತಾರೆ, ನನ್ನ ಸಾರಿಗೆ ಈಗಲೂ ಹುಳಿ ಜಾಸ್ತಿ.

ಆದರೆ ನಾನು ಮರೆಯಲಾರದ್ದು ಆ ದಿನ ಪ್ರದರ್ಶನ ಮುಗಿದ ಮೇಲಿನದು. ಅಂಗಳದಲ್ಲಿ ಚಾ ಕೊಡುತ್ತಿದ್ದರು. ಕೊಕ್ಕರ್ಣೆ ಕಡೆಯ ಒಬ್ಬ ಹೆಂಗಸು ಬೆಳೆದ ಮಗಳ ಕೈ ಹಿಡಿದುಕೊಂಡು ನಮ್ಮ ಸುತ್ತ ಸುಳಿಯುತ್ತಿದ್ದರು. ನನ್ನ ಹತ್ತಿರ ಬರಬಹುದು ಎಂದುಕೊಂಡೆ. ಬಂದದ್ದು ಅತ್ತೆಯ ಹತ್ತಿರ. ಕಿವಿಯಲ್ಲಿ ಏನೋ ಹೇಳಿದರು. ಅತ್ತೆ ಆಚೀಚೆ ನೋಡಿದರು. ನೆರೆಮನೆಯವರು ಅಲ್ಲೇ ಇದ್ದರು, ಸಂಘದವರು ಇದ್ದರು. ಅತ್ತೆ ಚಾ ಲೋಟ ಕೆಳಗಿಟ್ಟು, ಗದ್ದೆಯ ಆಚೆ ಬದಿಯವರನ್ನು ಕರೆಯುವ ಸ್ವರದಲ್ಲಿ ಶುರುಮಾಡಿದರು.

"ಫಿಟ್ಸಾ? ಹೆದ್ರುಕೆ ಎಂತ ಇತ್ತ್ ಅದ್ರಲ್ಲ್! ನಮ್ ಸೊಸಿಗೂ ಇತ್ತ್, ಈಗ ಕಂಡ್ರಿ ಅಲ್ದಾ ಹ್ಯಾಂಗ್ ಬಾರ್ಸಿದ್ಲ್ ಅಂದೇಳಿ? ಪರೀಕ್ಷೆಗ್ ಹೋಪತಿಗೆ ತಲಿಗ್ ಎಣ್ಣಿ ಮಾತ್ರ ಹಾಕ್ಬೇಡಿ ಕಾಣಿ, ನಾನ್ ಹಾಕಿ ಬೈಸ್ಕಂಡೆ. ಮತ್ತ್ ಹೆಣ್ಣನ್ನ ಒಬ್ಳೇ ಕಳ್ಸ್ಬೇಡಿ. ಜೊತಿಗ್ ಯಾರೂ ಇಲ್ದಿರೆ ನಂಗ್ ಹೇಳಿ, ನಾನ್ ಬತ್ತೆ."